ಕೀ ತಿರುಗಿಸಿದರೆ ಕಾರು ಚಾಲೂ ಆಗದಿದ್ದಾಗ ಮೊದಲೇ ಬ್ಯಾಟರಿಗೆ ಹಣ ಕೊಡಬೇಡಿ

ನನ್ನ 2003ರ ಮಾರುತಿ 800 ಕಾರಿನ ದುರಸ್ತಿಗೆಂದು ತುಮಕೂರಿನ ಗ್ಯಾರೇಜೊಂದರಲ್ಲಿ 10,500 ರೂಪಾಯಿ ತೆತ್ತು ಬಂದಿದ್ದೇನೆ. ಕೆಟ್ಟಿದ್ದ ಭಾಗವನ್ನು ಅಲ್ಲಿ ಯಾರೂ ಮುಟ್ಟಿಯೇ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹಳೆಯ ಕಾರು ಇಟ್ಟುಕೊಂಡವರಿಗೆ ತಿಳಿಯಲೆಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕೀ ತಿರುಗಿಸಿದರೆ ಒಮ್ಮೆ ಸೆಲ್ಫ್ (ಎಂಜಿನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರ್) ಹೊಡೆಯುತ್ತಿತ್ತು, ಮತ್ತೊಮ್ಮೆ ಟಕ್ ಎಂಬ ಸದ್ದೂ ಇಲ್ಲದೆ ಸುಮ್ಮನಿರುತ್ತಿತ್ತು; ಕೀಯನ್ನು ಸ್ವಲ್ಪ ಅಲುಗಾಡಿಸಿದರೆ ಚಾಲೂ ಆಗುತ್ತಿತ್ತು. ಹೆಡ್‌ಲೈಟ್ ಪ್ರಖರವಾಗಿಯೇ ಇತ್ತು, ಹಾರ್ನ್ ಗಟ್ಟಿಯಾಗಿತ್ತು, ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಇತ್ತು. ಇದಿಷ್ಟನ್ನೂ ಗ್ಯಾರೇಜಿನವರಿಗೆ ನಾನೇ ಬಿಡಿಸಿ ಹೇಳಿದ್ದೆ. ಅವರು ಮೀಟರ್ ಹಿಡಿಯಲಿಲ್ಲ, ಬಾನೆಟ್ ಎತ್ತಿ ನೋಡಿ “ಬ್ಯಾಟರಿ ಹೋಗಿದೆ ಸರ್” ಎಂದರು. ಅದಕ್ಕೆ 4,200. ನಾಲ್ಕನೆಯ ದಿನ ಮತ್ತೆ ಅದೇ ತೊಂದರೆ. ಆಗ “ಸೆಲ್ಫ್ ಮೋಟಾರ್ ಜಾಮ್ ಆಗಿದೆ” ಎಂದು 4,800, ಮೇಲೆ ಕೂಲಿ 1,500. ಬಿಚ್ಚಿದ ಹಳೆಯ ಮೋಟಾರ್ ಎಲ್ಲಿ ಎಂದು ಕೇಳಿದ್ದಕ್ಕೆ “ಗುಜರಿಗೆ ಹೋಯ್ತು ಸರ್” ಎಂದರು.

ಮುಂದಿನ ವಾರ ತಾಯಿಯನ್ನು ಕೂರಿಸಿಕೊಂಡು ಶಿರಾ ದಾಟಿ ಹಿರಿಯೂರಿನ ಕಡೆ ಹೋಗುತ್ತಿದ್ದಾಗ, ರಸ್ತೆಯ ಸಣ್ಣ ಉಬ್ಬೊಂದರ ಮೇಲೆ ಎಂಜಿನ್ ತಟ್ಟನೆ ನಿಂತುಹೋಯಿತು. ಹಿಂದೆ ಲಾರಿ ಬರುತ್ತಿತ್ತು. ಹೇಗೋ ಪಕ್ಕಕ್ಕೆ ಸರಿಸಿ ನಿಲ್ಲಿಸಿದೆ. ಪೆಟ್ರೋಲ್ ಬಾರದೆ ಎಂಜಿನ್ ನಿಂತಿದ್ದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪಗಳಾದರೂ ಉರಿಯಬೇಕಿತ್ತು, ಅಲ್ಲಿ ಒಂದೂ ಇರಲಿಲ್ಲ. ಕೀ ಅಲುಗಾಡಿಸಿದೊಡನೆ ಎಲ್ಲವೂ ಹೊತ್ತಿಕೊಂಡವು.

ಹಿರಿಯೂರಿನ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಟೆಸ್ಟ್ ಲ್ಯಾಂಪನ್ನು (ವೈರಿನಲ್ಲಿ ಕರೆಂಟ್ ಇದ್ದರೆ ಹೊತ್ತುವ ಸಣ್ಣ ದೀಪ) ಸೆಲ್ಫ್ ಮೋಟಾರಿನ ಸಣ್ಣ ವೈರಿಗೆ ಹಿಡಿದು ನನಗೆ ಕೀ ತಿರುಗಿಸಲು ಹೇಳಿದರು; ಲ್ಯಾಂಪ್ ಹೊತ್ತಲಿಲ್ಲ. ಕೀ ಸ್ವಿಚ್ಚಿಗೆ ಬರುವ ದಪ್ಪ ವೈರಿಗೆ ಹಿಡಿದರು, ಬೆಳ್ಳಗೆ ಹೊತ್ತಿತು. ಸ್ವಿಚ್ಚಿನವರೆಗೆ ಬಂದ ಕರೆಂಟ್ ಅದನ್ನು ದಾಟುತ್ತಿರಲಿಲ್ಲ. ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿ ಸ್ವಿಚ್ಚಿಗೆ ವೈರುಗಳನ್ನು ಜೋಡಿಸುವ ಕಪ್ಲರ್ ಕಿತ್ತು ನನ್ನ ಅಂಗೈ ಮೇಲಿಟ್ಟರು. ಬಿಳಿಯ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು, ಒಂದು ಪಿನ್ ಪೂರಾ ಕಪ್ಪಾಗಿತ್ತು, ಬೆರಳಿಗೆ ಮಸಿ ಹತ್ತಿತು. “ಮೋಟಾರ್ ಯಾಕೆ ಬದಲಾಯಿಸಿದ್ರಿ?” ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ತಾಯಿಯ ಎದುರಿಗೇ ತಲೆ ತಗ್ಗಿಸಿ ನಿಂತೆ. ಸ್ವಿಚ್, ಕಪ್ಲರ್, ಕೂಲಿ ಎಲ್ಲ ಸೇರಿ ಅವರು ತೆಗೆದುಕೊಂಡದ್ದು 950 ರೂಪಾಯಿ.

ಗ್ಯಾರೇಜಿಗೆ ಫೋನ್ ಮಾಡಿದೆ. “ಹಳೇ ಗಾಡಿ ಸರ್, ಒಂದು ಮಾಡಿಸಿದ್ರೆ ಇನ್ನೊಂದು ಹೋಗುತ್ತೆ.” ಹೋಗಿದ್ದು ಇನ್ನೊಂದಲ್ಲ, ಮೊದಲಿನಿಂದಲೂ ಅದೇ ಎಂದೆ. “ಹೊಸ ಬ್ಯಾಟರಿ ಬಂತಲ್ಲ, ನಿಮಗೇ ಒಳ್ಳೇದಾಯ್ತು.” ರಸ್ತೆಯ ನಡುವೆ ಎಂಜಿನ್ ನಿಂತದ್ದನ್ನು ಹೇಳಿದರೆ “ಕೀ ಸ್ವಿಚ್ ಸಣ್ಣ ಐಟಂ ಸರ್, ಅದೇನು ಬ್ರೇಕಾ?” ಎಂದರು. ಈ ಮಾತನ್ನು ನಾನು ಇನ್ನೂ ಮರೆತಿಲ್ಲ. ಓಡುವಾಗಲೇ ಕೀ ಸ್ವಿಚ್ ಜಾರಿ ಎಂಜಿನ್ ನಿಲ್ಲುತ್ತಿದ್ದ, ಏರ್‌ಬ್ಯಾಗ್ ತೆರೆಯದೆ ಹೋಗುತ್ತಿದ್ದ ಸುಮಾರು 26 ಲಕ್ಷ ಕಾರುಗಳನ್ನು ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅದರ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಇದು ಸಣ್ಣ ಐಟಮ್ಮೇ?

ಹೆಡ್‌ಲೈಟ್ ಮಂಕಾಗದೆ ಸೆಲ್ಫ್ ಮಾತ್ರ ಸುಮ್ಮನಿದ್ದರೆ, ಯಾವ ಭಾಗಕ್ಕೂ ಹಣ ಕೊಡುವ ಮೊದಲು ನಿಮ್ಮ ಕಣ್ಣೆದುರೇ ಟೆಸ್ಟ್ ಲ್ಯಾಂಪ್ ಹಿಡಿಸಿರಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕಾರಿನ ಕೀಗೆ ಮನೆಯ ಬೀಗದ ಕೈಗಳ ಗೊಂಚಲನ್ನು ತೂಗುಹಾಕಬೇಡಿ, ಆ ಭಾರಕ್ಕೂ ಸ್ವಿಚ್ ಸವೆಯುತ್ತದೆ. ನಾನು ಮೋಟಾರಿನ ಹಣವನ್ನಾದರೂ ಹಿಂದಿರುಗಿಸಿ ಎಂದು ಎರಡು ಬಾರಿ ಕೇಳಿದೆ. ಈಗ ಅವರು ನನ್ನ ಫೋನನ್ನೇ ಎತ್ತುತ್ತಿಲ್ಲ.