ಮನೆ ಸಾಲ ತೀರಿಸಿದವರೇ, ಕವರ್ ಬಿಚ್ಚಿ ನೋಡದೆ ಸಹಿ ಹಾಕಬೇಡಿ

ಮನೆ ಸಾಲ ತೀರಿಸಿ ಕಾಗದಪತ್ರ ವಾಪಸ್ ತರಲು ಹೊರಟವರು ಇದನ್ನೊಮ್ಮೆ ಓದಿ. ಹುಬ್ಬಳ್ಳಿಯಲ್ಲಿ ನಮಗಾದದ್ದು ಇದು. ದೂರು ಇನ್ನೂ ನಡೆದಿದೆ, ಹಾಗಾಗಿ ಕಂಪನಿಯ ಹೆಸರು ಬರೆಯುತ್ತಿಲ್ಲ.

ನವನಗರದ ಮನೆ ಮಾರಲು ಮಾತಾಗಿ, ಮುಂಗಡ ಪಡೆದು ಸಂಚಕಾರ ಪತ್ರವೂ ಆಗಿತ್ತು. ಸಂಚಕಾರದ ದುಡ್ಡಿಗೆ ನಮ್ಮದಷ್ಟು ಸೇರಿಸಿ, ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಉಳಿದಿದ್ದ ಸಾಲವನ್ನು ಒಂದೇ ಸಲಕ್ಕೆ ತುಂಬಿದೆವು. ತುಂಬುವಾಗಲೇ ಫೋರ್‌ಕ್ಲೋಜರ್ ಚಾರ್ಜ್, ಅಂದರೆ ಅವಧಿಗೆ ಮೊದಲೇ ಸಾಲ ತೀರಿಸಿದ್ದಕ್ಕೆ ಶುಲ್ಕ, ಅಂತ ಒಂದು ಮೊತ್ತ ಸೇರಿಸಿದ್ದರು. ನಮ್ಮದು ಫ್ಲೋಟಿಂಗ್ ಬಡ್ಡಿಯ (ದರ ಆಗಾಗ ಬದಲಾಗುವ) ಮನೆ ಸಾಲ, ಅದಕ್ಕೆ ಈ ಚಾರ್ಜ್ ಹಾಕುವ ಹಾಗಿಲ್ಲ ಅಂದೆ. ಮರುಮಾತಿಲ್ಲದೆ ತೆಗೆದರು. ಕೇಳದೆ ಸುಮ್ನೆ ತುಂಬಿ ಹೋದವರು ಎಷ್ಟು ಜನ ಇದ್ದಾರೋ!

ಅಸಲು ಕಥೆ ಶುರುವಾದದ್ದು ಆಮೇಲೆ. ಮೂಲ ಕಾಗದಗಳು ಮುಂಬೈಯಲ್ಲಿವೆ, ಮುಂದಿನ ವಾರ ಬರುತ್ತವೆ ಅಂದರು. ಆ ಮುಂದಿನ ವಾರ ಮುಂದಕ್ಕೇ ಹೋಗುತ್ತಿತ್ತು. ಇತ್ತ ಮನೆ ತಗೊಳ್ಳುವವರ ಬ್ಯಾಂಕಿನ ವಕೀಲರು ಮೂಲ ಪತ್ರ ನೋಡದೆ ಮುಂದುವರಿಯಲು ಒಪ್ಪಲಿಲ್ಲ.

ಕೊನೆಗೆ ತಿಂಗಳು ದಾಟಿದ ಮೇಲೆ ಫೋನ್ ಬಂತು. ಬ್ರಾಂಚಿಗೆ ಹೋದರೆ ಟೇಬಲ್ ಮೇಲೆ ಸೀಲ್ ಮಾಡಿದ ದಪ್ಪ ಕವರ್, ಅದರ ಮೇಲೆ ಒಂದು ಅಚ್ಚು ಮಾಡಿದ ಹಾಳೆ. 'ಎಲ್ಲ ಮೂಲ ದಾಖಲೆಗಳು ಸುಸ್ಥಿತಿಯಲ್ಲಿ ತಲುಪಿವೆ, ಮುಂದೆ ಯಾವ ತಕರಾರೂ ಇಲ್ಲ' ಎಂಬ ಅರ್ಥದ ಒಕ್ಕಣೆ ಅದರಲ್ಲಿತ್ತು.

"ಸರ, ಮೊದ್ಲ ಇಲ್ಲೊಂದು ಸಹಿ ಮಾಡ್ರಿ, ಆಮ್ಯಾಲೆ ಕವರ್ ಕೊಡ್ತೇನಿ" ಅಂದ ಹುಡುಗ.

ನನ್ನ ಕೈ ಪೆನ್ನಿಗೆ ಹೋಗುವಷ್ಟರಲ್ಲಿ ನಮ್ಮ ಮನೆಯವರು ತಡೆದರು. "ಅದೆಂಗಪಾ ಆಕೈತಿ? ಮೊದ್ಲ ಬಿಚ್ಚು, ನಾ ಎಣಿಸ್ತೇನಿ" ಅಂದರು. ಸಾಲ ಪಡೆದಾಗ ಕಂಪನಿಯೇ ಮುದ್ರೆ ಹಾಕಿ ಕೊಟ್ಟಿದ್ದ ದಾಖಲೆಗಳ ಪಟ್ಟಿ ಅವರ ಬ್ಯಾಗಿನಲ್ಲಿತ್ತು. ಒಂದೊಂದಾಗಿ ತಾಳೆ ನೋಡಿದರೆ ನಮ್ಮ ಖರೀದಿ ಪತ್ರ ಇದೆ, ಸಿಟಿಎಸ್ ಉತಾರ (ಸಿಟಿ ಸರ್ವೆಯ ಆಸ್ತಿ ದಾಖಲೆ) ಇದೆ, ಆದರೆ ನಮಗಿಂತ ಹಿಂದಿನ ಮಾಲೀಕರ ಖರೀದಿ ಪತ್ರ ಇಲ್ಲ. ಅದಿಲ್ಲದೆ ಮನೆ ಮಾರೋದು ಆಗದ ಮಾತು. "ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಸರ್ಟಿಫೈಡ್ ಕಾಪಿ ಸಿಗ್ತೈತಲ್ರಿ" ಅಂತ ಹುಡುಗ ನಮಗೇ ದಾರಿ ತೋರಿಸಿದ. ಬಂದಷ್ಟು ಕಾಗದಗಳ ಹೆಸರು ಬರೆದು, ಬಾರದ್ದನ್ನೂ ಬರೆದು, ಅದರ ಕೆಳಗೆ ಸಹಿ ಹಾಕಿ ಬಂದೆವು.

ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 2023ರ ಸೆಪ್ಟೆಂಬರ್ 13ರ ಸುತ್ತೋಲೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲ ಮೂಲ ದಾಖಲೆ ವಾಪಸ್ ಕೊಡಬೇಕು, ನೋಂದಣಿಯಾದ ಬೋಜಾನೂ (ಆಸ್ತಿ ಮೇಲಿನ ಸಾಲದ ಹೊರೆ) ತೆಗೆಸಬೇಕು. ತಪ್ಪು ಅವರದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಸಾಲಗಾರನಿಗೆ. ಕಾಗದ ಕಳೆದಿದ್ದರೆ ನಕಲು ತೆಗೆಸಿಕೊಡಲು ನೆರವಾಗಬೇಕು, ಆ ಖರ್ಚೂ ಅವರದೇ. ಆ ಕೆಲಸಕ್ಕೆ ಇನ್ನೂ 30 ದಿನ ಸಿಗುತ್ತದೆ, ಆಗ ದಿನದ ಪರಿಹಾರ ಎಣಿಸೋದು 60 ದಿನ ಆದ ಮೇಲೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕು, ಸಹಕಾರಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ, ಎಲ್ಲರಿಗೂ ಅನ್ವಯ. ಬ್ರಾಂಚಿನಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ ಅನ್ನೋದು ಬೇರೆ ವಿಷಯ.

ಸುತ್ತೋಲೆಯ ತಾರೀಖು ಬರೆದು ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿದ ಮೇಲೆ ಹಳೇ ಖರೀದಿ ಪತ್ರ ಎಲ್ಲಿಂದಲೋ ಸಿಕ್ಕಿತು. ಪರಿಹಾರದ ವಿಷಯ ಬಂದಾಗ ಮಾತ್ರ ಲೆಕ್ಕ ಬದಲಾಯಿತು. 30 ದಿನವನ್ನು ಅವರು ಸಾಲ ತೀರಿತು, ತಕರಾರಿಲ್ಲ ಅನ್ನುವ ಪತ್ರ, ಅಂದರೆ ಎನ್‌ಓಸಿ ಕೊಟ್ಟ ದಿನದಿಂದ ಎಣಿಸುತ್ತಾರೆ. ನಿಯಮದ ಪ್ರಕಾರ ದುಡ್ಡು ಪೂರ್ತಿ ತುಂಬಿದ ದಿನದಿಂದ ಎಣಿಸಬೇಕು. ಜೊತೆಗೆ ಕಾಗದ 'ಕಳೆದಿತ್ತು' ಅಂತ ಹೇಳಿ ಇನ್ನೂ 30 ದಿನ ಕೇಳುತ್ತಿದ್ದಾರೆ. ಸಿಕ್ಕ ಮೇಲೆ ಕಳೆದಿತ್ತು ಅನ್ನೋದು ಯಾವ ನ್ಯಾಯ? ಅಷ್ಟರಲ್ಲಿ ತಗೊಳ್ಳುವವರ ಸಾಲದ ಮಂಜೂರಾತಿ ಅವಧಿ ಮುಗಿದು ಅವರು ಮತ್ತೆ ಅರ್ಜಿ ಹಾಕಬೇಕಾಯಿತು. ಪುಣ್ಯಕ್ಕೆ ಅವರು ಕಾದರು, ಖರ್ಚು ಮಾತ್ರ ನಮ್ಮ ತಲೆಗೆ.

ಇನ್ನೊಂದು ವಿಷಯ. ಈ ನಿಯಮ ಇರೋದು ಮನೆ ಸಾಲ, ಶಿಕ್ಷಣ ಸಾಲದಂಥ ವೈಯಕ್ತಿಕ ಸಾಲಗಳಿಗೆ. ಮನೆ ಅಡ ಇಟ್ಟು ಮಗಳ ಮದುವೆಗೆ ತೆಗೆದ ಸಾಲವೂ ಇದರಲ್ಲಿ ಬರುತ್ತದೆ, ಅಂಗಡಿ ವ್ಯಾಪಾರಕ್ಕೆ ತೆಗೆದದ್ದು ಬರುವುದಿಲ್ಲ. ಹಾಗಾಗಿ ಮಂಜೂರಾತಿ ಪತ್ರದಲ್ಲಿ ಸಾಲದ ಉದ್ದೇಶ ಅಂತ ಏನು ಬರೆದಿದ್ದಾರೆ ನೋಡಿ. ಏಜೆಂಟರು ತಮಗೆ ಅನುಕೂಲವಾದದ್ದನ್ನು ತುಂಬಿಬಿಡುತ್ತಾರೆ.

ದೂರು ಕೊಡುವುದಿದ್ದರೆ ಮೊದಲು ಕಂಪನಿಗೇ ಲಿಖಿತವಾಗಿ ಕೊಡಿ. ಹೌಸಿಂಗ್ ಫೈನಾನ್ಸ್ ಕಂಪನಿ ಸರಿಯಾಗಿ ಉತ್ತರಿಸದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್. ನಾವು ಈಗ ಅಲ್ಲಿದ್ದೇವೆ. ಬ್ಯಾಂಕ್ ಆದರೆ 30 ದಿನ ಕಾದು ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ಬರೆಯಬೇಕು, ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು.

ಕಾಗದ ಎಲ್ಲ ಕೈಗೆ ಬಂದ ಮೇಲೂ ನಮ್ಮ ಇಸಿಯಲ್ಲಿ (ಆಸ್ತಿ ಮೇಲಿನ ಋಣ ತೋರಿಸುವ ಪತ್ರ) ಕಂಪನಿಯ ಬೋಜಾ ಹಾಗೇ ಇತ್ತು. ಅವರ ಅಧಿಕಾರಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಮೇಲೆಯೇ ಅದು ಇಳಿದದ್ದು. ನಿಮ್ಮದು ಎಂದೋ ತೀರಿದ ಸಾಲವಾದರೂ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಒಮ್ಮೆ ಇಸಿ ತೆಗೆದು ನೋಡಿ.