ಒಂದೇ ಆ್ಯಪ್, ಮೂರು ಮನೆ: ಶೇರ್ಡ್ ಹೋಸ್ಟಿಂಗ್, ಉಚಿತ ಸೇವೆ, ವಿಪಿಎಸ್

ಪರಿಚಯದ ಸಹಕಾರ ಸಂಘವೊಂದಕ್ಕೆ ಸದಸ್ಯರ ಲೆಕ್ಕ ಇಡುವ ಲಾರಾವೆಲ್ (ಪಿಎಚ್‌ಪಿ ಭಾಷೆಯ ಚೌಕಟ್ಟು) ಆ್ಯಪ್ ಬರೆದುಕೊಟ್ಟಿದ್ದೆ. ದಿನಕ್ಕೆ ಬಳಸುವವರು ಹತ್ತಿಪ್ಪತ್ತು ಜನ. ವೆಬ್‌ಸೈಟಿಗೆಂದು ಅವರು ಮೊದಲೇ ಮೂರು ವರ್ಷದ ಶೇರ್ಡ್ ಹೋಸ್ಟಿಂಗ್‌ಗೆ ದುಡ್ಡು ಕಟ್ಟಿದ್ದರು. ‘ಅದರಲ್ಲೇ ಹಾಕಿಬಿಡಿ ಸಾರ್’ ಅಂದರು. ಕೊನೆಗೆ ಅದೇ ಆ್ಯಪನ್ನು ಮೂರು ಕಡೆ ಓಡಿಸಿ ನೋಡುವ ಹಾಗಾಯಿತು.

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರ, ಒಂದೇ ಸರ್ವರನ್ನು ಹತ್ತಾರು ಸೈಟುಗಳು ಹಂಚಿಕೊಳ್ಳುತ್ತವೆ. ನಲ್ಲಿ ಒಂದೇ, ಬಿಂದಿಗೆ ಹತ್ತಾರು. ನಮ್ಮ ಪ್ಲ್ಯಾನಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಆಜ್ಞೆ ಕೊಡುವ ದಾರಿ) ಇರಲಿಲ್ಲ. ಸಿಪ್ಯಾನೆಲ್ ಎಂಬ ನಿರ್ವಹಣಾ ಪುಟದ ಫೈಲ್ ಮ್ಯಾನೇಜರ್, ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್, ಹೇಳಿದ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್, ಅಷ್ಟೇ. ಹಾಗಾಗಿ ಆ್ಯಪಿಗೆ ಬೇಕಾದ ಲೈಬ್ರರಿಗಳನ್ನು ತರುವ ಕಂಪೋಸರನ್ನು ಲ್ಯಾಪ್‌ಟಾಪಿನಲ್ಲೇ ‘ನೋ-ಡೆವ್’ (ಬರೆಯುವಾಗಷ್ಟೇ ಬೇಕಾದವು ಬೇಡ) ಕೊಟ್ಟು ಓಡಿಸಿ, ಎಲ್ಲ ಜಿಪ್ ಮಾಡಿ ಏರಿಸಿದೆ. ಸಾವಿರಾರು ಜಾವಾಸ್ಕ್ರಿಪ್ಟ್ ಫೈಲುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಮಾತ್ರ ಏರಿಸಬೇಡಿ, ಫೈಲುಗಳ ಸಂಖ್ಯೆಗೂ ಅಲ್ಲಿ ಮಿತಿ ಇರುತ್ತದೆ. ಮೊದಲ ಸಲವೇ ಎಡವಿದೆ: ಕಾನ್ಫಿಗ್ ಕ್ಯಾಶ್ (ಸೆಟ್ಟಿಂಗು, ಫೋಲ್ಡರ್ ದಾರಿಗಳ ಸಿದ್ಧ ಪ್ರತಿ) ಕೂಡ ಲ್ಯಾಪ್‌ಟಾಪಿನಲ್ಲೇ ಮಾಡಿದ್ದೆ. ಸರ್ವರ್ ಪಾಪ ನನ್ನ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಲಾಗಿನ್ ನೆನಪಿಡುವ ಸೆಷನ್ ಫೈಲು ಹುಡುಕುತ್ತಿತ್ತು. ಬೂಟ್‌ಸ್ಟ್ರ್ಯಾಪ್ ಫೋಲ್ಡರಿನ ಒಳಗಿನ ಆ ಒಂದು ಕ್ಯಾಶ್ ಫೈಲು ಅಳಿಸಿದ ಮೇಲೆ ಸರಿಹೋಯಿತು. ಅಷ್ಟು ತಿಳಿಯಲು ಎರಡು ಗಂಟೆ ಹಿಡಿಯಿತು.

ಇನ್ನೊಂದು ಮಾತು. ಇಡೀ ಆ್ಯಪನ್ನು ಹೊರಗಿನವರಿಗೆ ಕಾಣುವ ಪಬ್ಲಿಕ್ ಎಚ್‌ಟಿಎಮ್‌ಎಲ್ ಫೋಲ್ಡರಿನ ಒಳಗೆ ಸುರಿಯುವವರಿದ್ದಾರೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಎನ್‌ವಿ ಫೈಲನ್ನು ಬೀದಿಯಲ್ಲಿಟ್ಟ ಹಾಗೆ ಅದು. ಆ್ಯಪನ್ನು ಪಕ್ಕದ ಫೋಲ್ಡರಿನಲ್ಲಿಟ್ಟು, ಪಬ್ಲಿಕ್ ಭಾಗವನ್ನಷ್ಟೇ ಒಳಗೆ ಹಾಕಿ, ಇಂಡೆಕ್ಸ್ ಫೈಲಿನಲ್ಲಿ ದಾರಿಗಳನ್ನು ತಿದ್ದಿದರೆ ಸಾಕು. ಏರಿಸಿದ ಫೈಲುಗಳನ್ನು ಪಬ್ಲಿಕ್ ಭಾಗಕ್ಕೆ ಜೋಡಿಸುವ ಸ್ಟೋರೇಜ್ ಲಿಂಕ್ ಬರಲಿಲ್ಲ, ಅದಕ್ಕೆ ಬೇಕಾದ ಪಿಎಚ್‌ಪಿಯ ಸಿಮ್‌ಲಿಂಕ್ ಫಂಕ್ಷನ್ನನ್ನೇ ಹೋಸ್ಟಿಂಗ್‌ನವರು ಮುಚ್ಚಿದ್ದರು. ಲಿಂಕ್ ಮಾಡುವ ‘ಎಲ್‌ಎನ್ -ಎಸ್’ ಆಜ್ಞೆಯನ್ನು ಕ್ರಾನಿಗೆ ಹಾಕಿ, ಒಂದು ನಿಮಿಷ ಕಾದು, ಲಿಂಕ್ ಹುಟ್ಟಿದ ಮೇಲೆ ಕ್ರಾನ್ ಅಳಿಸಿದೆ. ಟರ್ಮಿನಲ್ ಇಲ್ಲದವರಿಗೆ ಕ್ರಾನೇ ಟರ್ಮಿನಲ್.

ನಿಜವಾದ ತಲೆನೋವು ಕನ್ನಡ ರಸೀದಿ. ಪಿಡಿಎಫ್ ಮಾಡುವ ಡಾಮ್‌ಪಿಡಿಎಫ್ ಲೈಬ್ರರಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಬಸಪ್ಪ ಹೋಗಿ ‘ಬಸಪ್‌ಪ’ ಆದರು. ಸಂಘದಲ್ಲಿ ಬೇರೆ ಏನು ಕೆಟ್ಟರೂ ನಡೆದೀತು, ಹೆಸರು ಕೆಟ್ಟರೆ ನಡೆಯದು. ಹೆಡ್‌ಲೆಸ್ ಕ್ರೋಮ್ (ಪರದೆಯಿಲ್ಲದೆ ಓಡುವ ಬ್ರೌಸರ್) ಚೆನ್ನಾಗಿ ಮೂಡಿಸುತ್ತದೆ, ಆದರೆ ನಮ್ಮ ವಠಾರದಲ್ಲಿ ಅದನ್ನು ಓಡಿಸಲು ಬಿಡುವುದಿಲ್ಲ. ಎಮ್‌ಪಿಡಿಎಫ್ ಎಂಬ ಇನ್ನೊಂದು ಲೈಬ್ರರಿ ಪೂರ್ತಿ ಪಿಎಚ್‌ಪಿಯದು, ವಠಾರದಲ್ಲೂ ಓಡುತ್ತದೆ, ಫಾಂಟಿಗೆ ‘ಯೂಸ್ ಒಟಿಎಲ್’ (ಅಕ್ಷರ ಜೋಡಣೆಯ ಸೆಟ್ಟಿಂಗ್) ಆನ್ ಮಾಡಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಮೆಮೊರಿ ಮಾತ್ರ ನುಂಗುತ್ತದೆ. ತಿಂಗಳ ಕೊನೆಗೆ 300 ರಸೀದಿ ಒಟ್ಟಿಗೆ ಕೇಳಿದರೆ ಸರ್ವರ್ ಕೆಟ್ಟಿತೆಂಬ ‘500’ ದೋಷ. ಬರಲಿಲ್ಲವೆಂದು ಎಲ್ಲರೂ ಮತ್ತೆ ಮತ್ತೆ ಒತ್ತಿದರೆ ಎಂಟ್ರಿ ಪ್ರೊಸೆಸ್ (ಒಮ್ಮೆಗೆ ಓಡಬಹುದಾದ ಕೋರಿಕೆಗಳ) ಮಿತಿಯೂ ಮುಗಿದು ‘508’ ದೋಷ.

ಬೇಸತ್ತು ಒಂದು ಉಚಿತ ಸೇವೆಗೆ ಹೋದೆ. (ಹೆರೋಕು ಎಂಬ ಹೋಸ್ಟಿಂಗ್ ಸೇವೆಯ ಉಚಿತ ಯೋಜನೆ 2022ರ ನವೆಂಬರಿಗೇ ಮುಗಿದಿದೆ, ಹಳೆಯ ಪಾಠಗಳನ್ನು ನಂಬಬೇಡಿ.) ಕೋಡನ್ನು ಗಿಟ್ ಪುಶ್ ಮಾಡಿದರೆ ಸಾಕು, ಆ್ಯಪ್ ತಾನೇ ಏರುತ್ತದೆ, ಆ ಸುಖ ವಠಾರದಲ್ಲಿಲ್ಲ. ಆದರೆ 15 ನಿಮಿಷ ಯಾರೂ ಬರದಿದ್ದರೆ ಮಲಗಿಬಿಡುತ್ತದೆ. ಬೆಳಿಗ್ಗೆ ಮೊದಲು ಬಂದವರು ಅದು ಏಳುವವರೆಗೂ ಕಾಯಬೇಕು. ಹೊಸದಾಗಿ ಡಿಪ್ಲಾಯ್ ಮಾಡಿದಾಗ ಸದಸ್ಯರ ಫೋಟೊಗಳೆಲ್ಲ ಮಾಯ, ಡಿಸ್ಕ್ ಶಾಶ್ವತವಲ್ಲ. ಡೆಮೊ ತೋರಿಸಲು ಸರಿ, ಲೆಕ್ಕ ಇಡಲು ಅಲ್ಲ.

ಮೂರನೆಯದು 1 ಜಿಬಿ ಮೆಮೊರಿಯ ವಿಪಿಎಸ್ (ನಮಗೇ ಬಿಟ್ಟುಕೊಟ್ಟ ವರ್ಚುವಲ್ ಸರ್ವರ್). ಅಲ್ಲಿ ಎಲ್ಲವೂ ನನ್ನದೇ. ಕ್ರೋಮ್ ಹಾಕಿದೆ, ರಸೀದಿ ಮುತ್ತಿನಂತೆ ಬಂತು. ಎರಡನೇ ದಿನ ಕ್ರೋಮ್ ಮೆಮೊರಿ ತುಂಬಿಸಿತು, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ಲನ್ನು ಕೊಂದುಹಾಕಿತು. 2 ಜಿಬಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಕೊಟ್ಟ ಮೇಲೆ ಆ ಕಾಟ ನಿಂತಿತು. ತಾಂತ್ರಿಕವಾಗಿ ಮೂರರಲ್ಲಿ ಇದೇ ಮೇಲು, ಅನುಮಾನವಿಲ್ಲ. ಆದರೆ ಅಪ್‌ಡೇಟ್, ಬ್ಯಾಕಪ್, ಫೈರ್‌ವಾಲ್ ಎಲ್ಲಕ್ಕೂ ನಾನೇ ಜವಾಬ್ದಾರಿ, ಸಂಬಳವಿಲ್ಲದ ವಾಚ್‌ಮನ್.

ಎರಡು ತಿಂಗಳಾದ ಮೇಲೆ ಆ್ಯಪನ್ನು ಮತ್ತೆ ವಠಾರಕ್ಕೇ ತಂದೆ. ರಸೀದಿಗಳನ್ನು 25ರ ಕಂತು ಮಾಡಿ ಕ್ಯೂಗೆ (ಕೆಲಸಗಳ ಸರದಿಗೆ) ಹಾಕಿದ್ದೇನೆ. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ‘ಕ್ಯೂ ವರ್ಕ್ ವನ್ಸ್’ ಆಜ್ಞೆ ಓಡಿಸಿ, ಒಂದು ಕಂತು ಮುಗಿಸಿ ಮಲಗುತ್ತದೆ. 300 ರಸೀದಿಗೆ ಹನ್ನೆರಡು ನಿಮಿಷ. ವಿಪಿಎಸ್‌ನಲ್ಲಿ ಇದು ಎಷ್ಟು ಬೇಗ ಆಗುತ್ತಿತ್ತೆಂದು ಸಂಘದಲ್ಲಿ ಯಾರೂ ಕೇಳಿಲ್ಲ. ಗುಮಾಸ್ತರು ಬಟನ್ ಒತ್ತಿ ಕಾಫಿಗೆ ಹೋಗುತ್ತಾರೆ.