ಪಂಚಾಯಿತಿ ಕಚೇರಿಯಲ್ಲಿ ಪುಸ್ತಕ ಮುಂದೆ ತಳ್ಳಿದರೆ ಸುಮ್ನೆ ಸಹಿ ಹಾಕಬೇಡಿ

ಮನೆ ಕಂದಾಯ ಕಟ್ಟಲು ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ರಸೀದಿ ಬರೆಯುತ್ತಿದ್ದವರು ಉದ್ದನೆಯ ಪುಸ್ತಕವೊಂದನ್ನು ನನ್ನ ಕಡೆ ತಳ್ಳಿ, "ಇಲ್ಲೊಂದು ಸಹಿ ಹಾಕಿ ಸಾರ್" ಎಂದರು. ಪುಟದ ಮೇಲ್ಭಾಗಕ್ಕೆ ರಸೀದಿ ಪುಸ್ತಕ ಅಡ್ಡ ಇತ್ತು. ಬಂದು ಹೋದವರ ಲೆಕ್ಕ ಇರಬೇಕು ಅಂದುಕೊಂಡು ಹಾಕಿದೆ.

ಮೂರು ತಿಂಗಳ ಮೇಲೆ ನೋಡಿದರೆ ನಮ್ಮ ಬೀದಿಗೆ ಆಗಬೇಕಿದ್ದ ಚರಂಡಿ ಕೆಲಸ ಬೇರೆ ಬೀದಿಯಲ್ಲಿ ಶುರುವಾಗಿತ್ತು. ಕೇಳಲು ಹೋದೆ. "ಗ್ರಾಮಸಭೆಯಲ್ಲೇ ತೀರ್ಮಾನ ಆಯ್ತಲ್ಲ, ನೀವೂ ಇದ್ರಲ್ಲ?" ಎಂಬ ಉತ್ತರ ಬಂತು. ಸಭೆಗೆ ಹೋಗುವುದಿರಲಿ, ಸಭೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಡಂಗುರ ಸಾರಿಸಿರಲಿಲ್ಲ, ನೋಟಿಸ್ ಬೋರ್ಡಿನಲ್ಲೂ ಏನೂ ಅಂಟಿಸಿರಲಿಲ್ಲ.

ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ ತೋರಿಸಿ ಅಂದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೀಟಿಂಗಿಗೆ ಹೋಗಿದ್ದಾರೆ, ಬೀರುವಿನ ಕೀ ಇಲ್ಲ, ಪುಸ್ತಕ ಆಡಿಟ್‌ಗೆ ಹೋಗಿದೆ. ವಾರಕ್ಕೊಂದು ಕಾರಣ.

ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅಲ್ಲಿ ಎಡವಿದ್ದು ನಾನೇ. ಮೊದಲ ಅರ್ಜಿಯನ್ನು ಕೈಯಲ್ಲೇ ಕೊಟ್ಟು ಬಂದೆ, ಸ್ವೀಕೃತಿ ಕೇಳಲಿಲ್ಲ. 30 ದಿನ ಕಾದು ಹೋದರೆ "ಯಾವ ಅರ್ಜಿ?" ಅಂದರು. ಇನ್‌ವರ್ಡ್ ನಂಬರ್ ಇಲ್ಲದೆ ಮೇಲ್ಮನವಿ ಹಾಕುವುದಾದರೂ ಹೇಗೆ? ಸಿಟ್ಟಿನಲ್ಲಿ ಎರಡು ಪುಟದ ಇನ್ನೊಂದು ಅರ್ಜಿ ಬರೆದೆ. ಕೆಲಸ ಏಕೆ ಬದಲಾಯಿಸಿದಿರಿ, ಯಾರು ಹೇಳಿ ಮಾಡಿಸಿದರು, ಹೀಗೆಲ್ಲ. ಅದು ವಾಪಸ್ ಬಂತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಲಾಗಿ ಈ ಕಾಯ್ದೆಯಲ್ಲಿ ಸಿಗುವುದು ದಾಖಲೆಯಲ್ಲಿ ಇರುವುದಷ್ಟೇ. 'ಏಕೆ' ಅನ್ನುವುದಕ್ಕೆ ಉತ್ತರ ಹುಡುಕಿ ಕೊಡುವ ಹೊಣೆ ಅವರಿಗಿಲ್ಲ.

ಮೂರನೆಯದು ನಾಲ್ಕೇ ಸಾಲು. ಇಂಥ ತಾರೀಖಿನ ಗ್ರಾಮಸಭೆಯ ನೋಟಿಸ್, ಹಾಜರಿ, ನಡಾವಳಿಯ ದೃಢೀಕೃತ ಪ್ರತಿ ಕೊಡಿ, ಮೂಲ ಪುಸ್ತಕ ನೋಡಲು ಬಿಡಿ ಅಂತ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿದೆ. ಆಗಲೂ 30 ದಿನ ಸದ್ದಿಲ್ಲ. ಆದರೆ ಈ ಸಲ ಕೈಯಲ್ಲಿ ಪೋಸ್ಟಿನ ರಸೀದಿ ಇತ್ತು. ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿದೆ. ಹತ್ತೇ ದಿನಕ್ಕೆ ಫೋನ್ ಬಂತು. ಗಡುವು ಮೀರಿದ್ದರಿಂದ ಪ್ರತಿಗೆ ದುಡ್ಡು ಕೇಳುವಂತಿರಲಿಲ್ಲ, ಕೇಳಲೂ ಇಲ್ಲ.

ದಯವಿಟ್ಟು ಜೆರಾಕ್ಸ್ ತಗೊಂಡು ಸುಮ್ಮನಾಗಬೇಡಿ, ಮೂಲ ಪುಸ್ತಕ ನೋಡಿ. ಕಾಯ್ದೆ ಅದಕ್ಕೂ ಹಕ್ಕು ಕೊಟ್ಟಿದೆ. ಜೆರಾಕ್ಸಿನಲ್ಲಿ ಎಲ್ಲವೂ ಕಪ್ಪು. ಪುಸ್ತಕದಲ್ಲಿ ಏಳು ಠರಾವು ನೀಲಿ ಇಂಕಿನಲ್ಲಿದ್ದವು. ಎಂಟನೆಯದು, ನಮ್ಮ ಚರಂಡಿಯದು, ಕಪ್ಪು ಇಂಕಿನಲ್ಲಿತ್ತು. ಅಧ್ಯಕ್ಷರ ಸಹಿಯ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಅಕ್ಷರ ಒತ್ತೊತ್ತಾಗಿ ತುರುಕಿದ್ದರು.

ಹಾಜರಿ ಪುಟದಲ್ಲಿ ನನ್ನ ಸಹಿ ಸಿಕ್ಕಿತು. ಮೇಲಿನ ಸಾಲಿನಲ್ಲಿ ಕಂದಾಯದ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದವರ ಸಹಿ, ಕೆಳಗಿನ ಸಾಲಿನಲ್ಲಿ ಹಿಂದೆ ನಿಂತಿದ್ದವರದು. ಕ್ಯೂ ಹಾಗೇ ಸಭೆಯಾಗಿತ್ತು! ಕೋರಂ, ಅಂದರೆ ಸಭೆಗೆ ಕನಿಷ್ಠ ಬೇಕಾದಷ್ಟು ಜನ, ತುಂಬದಿದ್ದರೆ ಸಭೆ ಮುಂದೂಡಬೇಕಲ್ವಾ, ಅದಕ್ಕೆ ನಾವು ಬೇಕಿತ್ತು.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಓಡಾಟವೇ ಬೇಕಿರಲಿಲ್ಲ. ಯಾವ ಸಭೆಗೆ ಜನ ಬರಬಹುದು, ಅದರ ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಇದೆ.

ತಾಲ್ಲೂಕು ಪಂಚಾಯಿತಿಗೆ ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಆಗಿಲ್ಲ. ಚರಂಡಿಯಂತೂ ಆ ಬೀದಿಯಲ್ಲಿ ಮುಗಿದೇ ಹೋಯಿತು.

ಈ ವರ್ಷ ಕಂದಾಯ ಕಟ್ಟಲು ಹೋದಾಗ ಮತ್ತೆ ಪುಸ್ತಕ ಮುಂದೆ ಬಂತು. ಅಡ್ಡ ಇದ್ದ ರಸೀದಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಸಭೆಯ ಹೆಸರಿಲ್ಲ, ತಾರೀಖಿಲ್ಲ. ಮೇಲೆಲ್ಲ ಖಾಲಿ, ಕೆಳಗೆ ಆಗಲೇ ಹನ್ನೊಂದು ಸಹಿ.